ಇವತ್ತ ಸುರಮೈ ಬ್ಯಾಡ್ರಿ

ಮೀನಿನ ಹೋಟೆಲಿಗೆ ಹೋದವರು ಕೂತ ಕೂಡಲೇ ಕೇಳುವ ಮಾತು ಒಂದೇ: "ಇವತ್ತು ತಾಜಾ ಏನಿದೆ?" ಮಾಣಿ ಕೊಡುವ ಉತ್ತರವೂ ಒಂದೇ: "ಎಲ್ಲಾ ತಾಜಾನೇ, ಸಾಹೇಬ್ರೆ." ಈ ಪ್ರಶ್ನೆ ಕೇಳುತ್ತ, ಈ ಉತ್ತರ ನುಂಗುತ್ತ ನಾನು ಹನ್ನೆರಡು ವರ್ಷ ಹೋಟೆಲಿನ ಮೀನು ತಿಂದೆ. ಅದೂ ಎಲ್ಲಿ? ಸಮುದ್ರದ ಗಾಳಿಯೂ ತಾಗದ ಕೊಲ್ಹಾಪುರ ಜಿಲ್ಲೆಯಲ್ಲಿ.

ನಾನು ಅಂಕೋಲೆಯವನು. ಹೊಟ್ಟೆಪಾಡಿಗೆ ಬ್ಯಾಂಕಿನ ನೌಕರಿ. ವರ್ಗಾವಣೆಯ ಕಾಗದ ನನ್ನನ್ನು ಘಟ್ಟ ಹತ್ತಿಸಿ ಮೊದಲು ಕೊಲ್ಹಾಪುರಕ್ಕೆ, ಅಲ್ಲಿಂದ ಇಚಲಕರಂಜಿಗೆ, ಕೊನೆಗೆ ಗಡಹಿಂಗ್ಲಜಕ್ಕೆ ಒಯ್ದಿತು. ಹುಟ್ಟಿದ ಮನೆಯಲ್ಲಿ ಮೀನು ಬುಟ್ಟಿಯಲ್ಲಿ ಅಂಗಳಕ್ಕೇ ಬರುತ್ತಿತ್ತು. ಬುಟ್ಟಿ ಇಳಿಸುವುದೇ ತಡ, ಅವ್ವ ಬಂಗಡೆಯ ಕಿವಿರು ಎತ್ತಿ ನೋಡುವಳು, ಹೆಬ್ಬೆರಳಿನಿಂದ ಹೊಟ್ಟೆ ಒತ್ತುವಳು. ಒತ್ತಿದ ಗುಳಿ ತಾನಾಗಿ ಮೇಲೆದ್ದರೆ ವ್ಯಾಪಾರ, ಏಳದಿದ್ದರೆ "ನಾಳೆ ಬಾರೆ". ಹೋಟೆಲಿನ ಮೀನಿಗೆ ಕಿವಿರೂ ಇಲ್ಲ, ಒತ್ತಲು ಹೊಟ್ಟೆಯೂ ಇಲ್ಲ. ರವೆ ಹೊದ್ದು, ಕೆಂಪು ಮಸಾಲೆ ಬಳಿದುಕೊಂಡು, ನಿಂಬೆಹೋಳಿನ ಜತೆ ಬಂದು ತಟ್ಟೆಯಲ್ಲಿ ಮಲಗುತ್ತದೆ. ಅದರ ಹಿಂದಿನ ಕತೆ ಬಲ್ಲವನು ಮಾಣಿ ಒಬ್ಬನೇ. ಹಾಗಾಗಿ ಈ ಹೊತ್ತಿನ ನನ್ನ ಮಾತಿನಲ್ಲಿ ಮೀನಿಗಿಂತ ಮಾಣಿಯೇ ಹೆಚ್ಚು ಬಂದರೆ ಬೇಸರ ಮಾಡಿಕೊಳ್ಳಬೇಡಿ.

ಮೊದಲು ಹೆಸರುಗಳ ತೊಡಕು ಬಿಡಿಸುತ್ತೇನೆ. ನಮ್ಮ ಕಡೆ ಇಸ್ವಾಣ, ಮಂಗಳೂರಿನವರ ಅಂಜಲ್, ಕೊಲ್ಹಾಪುರದಲ್ಲಿ ಸುರಮೈ. ಬಂಗಡೆ ಅಲ್ಲಿ ಬಾಂಗಡಾ. ಸೆಟ್ಲಿ ಅಂದರೆ ಸಿಗಡಿ ಅಲ್ಲಿ ಕೋಳಂಬಿ. ಮಂಗಳೂರಿನ ಮರುವಾಯಿ ಅಲ್ಲಿ ತಿಸರ್ಯಾ. ಪಾಪ್ಲೆಟ್ಟು ಮಾತ್ರ ನಮ್ಮಲ್ಲೂ ಅಲ್ಲಿಯೂ ಪಾಪ್ಲೆಟ್ಟೇ. ದುಡ್ಡಿದ್ದವರ ಹೆಸರು ಯಾವ ಊರಿಗೆ ಹೋದರೂ ಬದಲಾಗುವುದಿಲ್ಲ, ನೋಡಿ.

ಕೊಲ್ಹಾಪುರ ಸಹ್ಯಾದ್ರಿಯ ಮೇಲಿನ ಊರು. ಮೀನೆಲ್ಲ ಕೆಳಗಿನ ಕೊಂಕಣದಿಂದ ಹತ್ತಿ ಬರಬೇಕು. ರತ್ನಾಗಿರಿಯಿಂದ ಆಂಬಾ ಘಾಟಿನ ಮೇಲೆ ಸುಮಾರು 130 ಕಿಲೋಮೀಟರು. ಮಾಲವಣ, ದೇವಗಡದ ಮಾಲು ಫೋಂಡಾ ಅಥವಾ ಗಗನಬಾವಡಾ ಘಾಟಿನಿಂದ, ವೆಂಗುರ್ಲೆಯದು ಆಂಬೋಲಿಯಿಂದ. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡತೊಡಗಿದರೂ ಅದು ಘಟ್ಟದ ಕೆಳಗೇ ಹಾದುಹೋಗುತ್ತದೆ, ಕೊಲ್ಹಾಪುರದ ಮೀನಿಗೆ ಅದರಿಂದ ಉಪಯೋಗವಿಲ್ಲ. ಮಂಜುಗಡ್ಡೆ ತುಂಬಿದ ಪೆಟ್ಟಿಗೆಗಳು ರಾತ್ರಿ ಟೆಂಪೋದಲ್ಲಿ ತಿರುವು ಹತ್ತುತ್ತವೆ, ಕರಗಿದ ನೀರು ರಸ್ತೆಯುದ್ದಕ್ಕೂ ಸೋರುತ್ತದೆ. ಮಳೆಗಾಲದಲ್ಲಿ ಘಾಟಿನಲ್ಲಿ ಗುಡ್ಡ ಜರಿದು ಟೆಂಪೋ ನಿಂತರೆ, ಆ ದಿನದ ಮೀನಿನ ವಯಸ್ಸು ಅಲ್ಲೇ ಒಂದು ದಿನ ಹೆಚ್ಚಾಯಿತು. ಮೇಜಿನ ಮೇಲೆ ಹಾಸಿದ ಮೆನು ಕಾರ್ಡಿಗೆ ಇದು ತಿಳಿಯುವುದಿಲ್ಲ.

ಇನ್ನು ಗಿರಾಕಿ. ಕೊಲ್ಹಾಪುರದವರಿಗೆ ಹುಟ್ಟಿದಾಗಿನಿಂದ ಮಟನ್ ಖಾನಾವಳಿಯ ಸಂಸ್ಕಾರ. ತಾಂಬಡಾ ರಸ್ಸಾ, ಪಾಂಢರಾ ರಸ್ಸಾ, ಒಂದು ಕೆಂಪು ಸಾರು ಒಂದು ಬಿಳಿ ಸಾರು, ಬೇಕಾದಷ್ಟು ಸಲ ಬಡಿಸುತ್ತಾರೆ. ಕೇಳಬೇಕಾಗಿಯೂ ಇಲ್ಲ, ಬಟ್ಟಲು ಅರ್ಧಕ್ಕೆ ಇಳಿದರೆ ಸಾಕು, ಸೌಟು ಹಾಜರು. ಅದೇ ಜನ ಮೀನಿನ ಹೋಟೆಲಿಗೆ ಬಂದಾಗ ಅದನ್ನೇ ಬಯಸುತ್ತಾರೆ. ಮೀನಿನ ಥಾಳಿ ಅಂದರೆ ಒಂದು ತುಂಡು ತವಾ ಫ್ರೈ, ಒಂದು ಬಟ್ಟಲು ಸಾರು, ಚೂರು ಸುಕಟ ಅಂದರೆ ಒಣ ಸಿಗಡಿ, ಭಾಕರಿ ಇಲ್ಲವೆ ಚಪಾತಿ, ಅನ್ನ, ಕಡೆಗೆ ಕೋಕಂ, ತೆಂಗಿನಹಾಲಿನ ತಿಳಿಗುಲಾಬಿ ಬಣ್ಣದ ಸೋಲಕಢಿ. ಸಾರು ಎರಡನೇ ಸಲ ಬರುವಾಗ ತೆಳ್ಳಗಾಗಿರುತ್ತದೆ, ಮೂರನೇ ಸಲ ಕರೆದರೆ ಮಾಣಿಗೆ ಕಿವಿ ಕೇಳಿಸುವುದಿಲ್ಲ. ಎರಡನೇ ಲೋಟ ಸೋಲಕಢಿಗೆ ಬಿಲ್ಲಿನಲ್ಲಿ ಬೇರೆ ಸಾಲು. ಕೊಲ್ಹಾಪುರದ ಗಿರಾಕಿ ಸಿಟ್ಟಾಗುವುದು ಅಲ್ಲಿ. ಮೀನು ಸಣ್ಣದಾಯಿತೆಂದು ಅವನು ತಕರಾರು ತೆಗೆದದ್ದು ನಾನು ನೋಡಿಲ್ಲ. ರಸ್ಸಾ ತಪ್ಪಿತೆಂದು ಎದ್ದು ನಿಂತದ್ದು ಎಷ್ಟೋ ಸಲ ನೋಡಿದ್ದೇನೆ.

ರುಚಿಯ ಬಗ್ಗೆ ನನ್ನದೊಂದು ತಕರಾರಿದೆ. ಬೋರ್ಡಿನಲ್ಲಿ 'ಮಾಲವಣಿ' ಎಂದಿರುತ್ತದೆ. ಮಾಲವಣದ ಬಾಂಗಡಾ ಸಾರಿಗೆ ತಿರಫಳ ಬೀಳಬೇಕು, ನಮ್ಮ ಕಡೆ ಜುಮ್ಮನಕಾಯಿ ಅನ್ನುತ್ತೇವಲ್ಲ, ನಾಲಿಗೆ ಜುಮ್ಮೆನ್ನಿಸುವ ಆ ಕಾಯಿ. ಕೊಬ್ಬರಿಯಲ್ಲ, ಹಸಿ ತೆಂಗಿನಕಾಯಿ ನುಣ್ಣಗೆ ಅರೆಯಬೇಕು, ಹುಳಿಗೆ ಕೋಕಂ. ಕೊಲ್ಹಾಪುರದಲ್ಲಿ ಅದೇ ಸಾರಿಗೆ ಕಾಂದಾ-ಲಸೂಣ ಮಸಾಲೆ ಬೀಳುತ್ತದೆ. ಗಿರಾಕಿಯ ಹಣೆ ಬೆವರದಿದ್ದರೆ ಅಡುಗೆಯವನಿಗೆ ಮರ್ಯಾದೆ ಇಲ್ಲ. ಖಾರದಡಿ ಮೀನಿನ ರುಚಿ ಮುಚ್ಚಿಹೋಗುತ್ತದೆ. ಮೀನಿನ ವಯಸ್ಸೂ ಮುಚ್ಚಿಹೋಗುತ್ತದೆ ಎಂಬುದು ನನ್ನ ಹಳೆಯ ಗುಮಾನಿ.

ಗುಮಾನಿ ಸುಮ್ಮನೆ ಹುಟ್ಟಿದ್ದಲ್ಲ. ಒಂದು ರವಿವಾರ ಮಧ್ಯಾಹ್ನ ನಾನು, ನನ್ನ ಹೆಂಡತಿ ಕೊಲ್ಹಾಪುರದ ಒಂದು ಹೋಟೆಲಿಗೆ ಹೋದೆವು. ಹೆಸರು ಬೇಡ. ಗದ್ದಲವೆಂದರೆ ಗದ್ದಲ, ಹೊರಗೆ ಕಟ್ಟೆಯ ಮೇಲೆ ಹತ್ತು ಮಂದಿ ಕಾಯುತ್ತಿದ್ದರು, ಒಳಗೆ ಊಟ ಮುಗಿಸುತ್ತಿದ್ದವರ ಕುರ್ಚಿಯ ಹಿಂದೆಯೂ ಒಬ್ಬೊಬ್ಬರು ನಿಂತಿದ್ದರು. "ತಾಜಾ ಏನಿದೆ?" "ಸಗಳಂ ತಾಜಂ ಆಹೇ, ಸಾಹೇಬ." ಸುರಮೈ ಹೇಳಿದೆವು. ಬಂತು. ಮೇಲೆ ಗರಿಗರಿ, ಒಳಗೆ ಬಿಳಿ. ಎರಡು ತುತ್ತು ತಿನ್ನುವಷ್ಟರಲ್ಲಿ ನಾಲಿಗೆಯ ತುದಿಗೆ ಮೆಣಸಿನ ಕಾಳು ಕಚ್ಚಿದ ಹಾಗೆ ಚುರುಕು ಹತ್ತಿತು. ಮಸಾಲೆ ಜೋರಿರಬೇಕು ಅಂದುಕೊಂಡೆ. ಮನೆಗೆ ಬರುವ ಹೊತ್ತಿಗೆ ಹೆಂಡತಿಯ ಮುಖ, ಕುತ್ತಿಗೆ ಕೆಂಪಗೆ ಉರಿಯುತ್ತಿತ್ತು, ಮೈಮೇಲೆ ದದ್ದು, ತಲೆ ಸಿಡಿತ. ಅಂಕೋಲೆಯ ಸೊಸೆ, ಮೂವತ್ತು ವರ್ಷ ದಿನಾ ಮೀನು ತಿಂದವಳು. ಅವಳಿಗೆ ಮೀನು ಆಗದಿರುವುದು ಹೇಗೆ?

ಡಾಕ್ಟರು ನಕ್ಕರು. "ನಿಮಗೆ ಮೀನು ಆಗುತ್ತದೆ. ಈ ಮೀನು ಆಗಲಿಲ್ಲ." ಆಮೇಲೆ ಬಿಡಿಸಿ ಹೇಳಿದರು. ಸುರಮೈ, ಬಾಂಗಡಾ, ಟ್ಯೂನಾ ಎಲ್ಲ ಒಂದೇ ಕುಲದ ಮೀನುಗಳು. ಇವುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಬಲೆಯಿಂದ ಬಾಣಲೆಗೆ ಬರುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಮಂಜುಗಡ್ಡೆ ತಪ್ಪಿ ಬಿಸಿಲು ತಾಗಿದರೆ, ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಒಮ್ಮೆ ಆಯಿತೋ, ಹುರಿದರೂ ಹೋಗದು, ಕುದಿಸಿದರೂ ಹೋಗದು, ತಿರುಗಿ ಫ್ರೀಜರಿನಲ್ಲಿಟ್ಟರೂ ಹೋಗದು. ವಾಸನೆ ಬರಲೇಬೇಕೆಂದೂ ಇಲ್ಲ. ತಿಂದ ಕೆಲವು ನಿಮಿಷಕ್ಕೋ ಒಂದೆರಡು ತಾಸಿಗೋ ಮೈ ಕೆಂಪಾಗುತ್ತದೆ, ಕಡಿತ, ತಲೆನೋವು. ಸಾಮಾನ್ಯವಾಗಿ ದಿನದೊಳಗೆ ಇಳಿಯುತ್ತದೆ, ಉಸಿರು ಕಟ್ಟಿದರೆ ಮಾತ್ರ ಆಸ್ಪತ್ರೆಗೆ ಓಡಬೇಕು. ನಾಲಿಗೆ ಚುರುಕೆಂದದ್ದು ಮೆಣಸಲ್ಲ, ಅದೇ ಮುನ್ಸೂಚನೆ. ಅಂದಿನಿಂದ ಸುರಮೈಯ ಮೊದಲ ತುತ್ತನ್ನು ನಾನು ಸಾರಿಲ್ಲದೆ, ಚಟ್ನಿಯಿಲ್ಲದೆ ಬರೀ ತಿಂದು ನೋಡುತ್ತೇನೆ. ನೋಡಿದವರು ಇವನೊಬ್ಬ ರಸಿಕ ಎಂದುಕೊಳ್ಳುತ್ತಾರೆ. ಇರಲಿ.

ಕೋಕಂ, ನಿಂಬೆ, ಹುಣಸೆ ಹಾಕುವ ನಮ್ಮ ಅಜ್ಜಿಯರ ರೂಢಿಗೂ ಕಾರಣವಿದೆ. ಮೀನು ಹಳತಾದಂತೆ ಅದರಲ್ಲಿ ಅಮೈನುಗಳು ಹುಟ್ಟಿ ನಾತ ಬರುತ್ತದೆ. ಹುಳಿ ಆ ಅಮೈನುಗಳನ್ನು ಹಿಡಿದಿಟ್ಟುಕೊಂಡು ನಾತ ಅಡಗಿಸುತ್ತದೆ. ಹೊಸ ಮೀನಿಗೆ ಹುಳಿ ಶೃಂಗಾರ, ಹಳೆ ಮೀನಿಗೆ ವಕೀಲಿ. ಹಿಸ್ಟಮಿನ್ ಎದುರಿಗೆ ಮಾತ್ರ ಈ ವಕೀಲಿ ನಡೆಯುವುದಿಲ್ಲ.

ಕೊಲ್ಹಾಪುರ ಬಿಡುವ ಮುಂಚೆ ದರದ ಮಾತು ಆಡಲೇಬೇಕು. 2019ರ ಕೊನೆಯಲ್ಲಿ ಅಲ್ಲಿ ಮಟನ್ ದುಬಾರಿಯಾಯಿತೆಂದು ಕಸಬಾ ಬಾವಡಾದ ಜನ ಆಂದೋಲನಕ್ಕೆ ಇಳಿದದ್ದು ಪತ್ರಿಕೆಗಳಲ್ಲೆಲ್ಲ ಬಂತು. ಮಟನ್ ಕೊಳ್ಳುವುದನ್ನೇ ಬಿಟ್ಟರು, ಸಭೆಗಳಾದವು, ಅಧಿಕಾರಿಗಳು ನಡುವೆ ಬಂದರು. ನಾನು ಆಗ ನಿವೃತ್ತನಾಗಿ ಧಾರವಾಡದಲ್ಲಿದ್ದೆ. ಸುದ್ದಿ ಓದಿ ಹೆಮ್ಮೆಪಟ್ಟೆ. ಗಿರಾಕಿ ಅಂದರೆ ಹೀಗಿರಬೇಕು. ಆದರೆ ಇದೇ ಗಿರಾಕಿ ಮೀನಿನ ಹೋಟೆಲಿನ ಕಾರ್ಡಿನಲ್ಲಿ ಪಾಪ್ಲೆಟ್ಟಿನ ಮುಂದೆ ದರ ಇರಬೇಕಾದ ಜಾಗದಲ್ಲಿ 'ಎಪಿಎಸ್' ಎಂಬ ಮೂರಕ್ಷರ ಕಂಡರೆ ಬಾಯಿ ಮುಚ್ಚುತ್ತಾನೆ! ಹಾಗೆಂದರೆ ಸೈಜಿನ ಪ್ರಕಾರ. ಯಾವ ಸೈಜು, ಎಷ್ಟು ಗ್ರಾಮಿಗೆ ಎಷ್ಟು, ತೂಗುವುದು ತಲೆ ಸಹಿತವೋ ರಹಿತವೋ, ಹಸಿಯೋ ಹುರಿದ ಮೇಲೋ, ಏನೂ ಇಲ್ಲ. ಕೇಳಿದರೆ ಮಾಣಿ ಎರಡು ಕೈ ಅಗಲಿಸಿ ತೋರಿಸುತ್ತಾನೆ. "ಏವಢಾ." ಇಷ್ಟು ದೊಡ್ಡದು. ಆ ಅಂಗೈಗಳ ನಡುವಿನ ಗಾಳಿಗೆ ನಾವು ಹೂಂ ಅನ್ನುತ್ತೇವೆ. ಒಮ್ಮೆ ಹೀಗೆ ಹೂಂ ಅಂದು, ಅಂಗೈಯಗಲದ ಪಾಪ್ಲೆಟ್ಟಿಗೆ 1,150 ರೂಪಾಯಿ ಕೊಟ್ಟೆ. ನೆಂಟರು ಎದುರಿಗಿದ್ದರು, ಹಾಗಾಗಿ ನಗುತ್ತ ಕೊಟ್ಟೆ. ಆಮೇಲೆ ಕಲಿತದ್ದು ಇಷ್ಟು: "ಮೀನು ತಂದು ತೋರಿಸಪ್ಪ, ತೂಗಿ ದರ ಹೇಳು, ಆಮೇಲೆ ಹುರಿ." ಒಳ್ಳೆಯ ಹೋಟೆಲಿನವರು ತಟ್ಟೆಯಲ್ಲಿ ಹಸಿ ಮೀನು ತಂದು ತೋರಿಸುತ್ತಾರೆ, ಬೇಸರವಿಲ್ಲದೆ. ಆಗ ಕಿವಿರು ಎತ್ತಿ ನೋಡುವ ಅವಕಾಶವೂ ಸಿಗುತ್ತದೆ. ಅವ್ವ ನೆನಪಾಗುತ್ತಾಳೆ.

ಬಿಲ್ಲಿನ ಕೊನೆಯಲ್ಲಿ ಸೇವಾ ಶುಲ್ಕ ಎಂದು ಐದೋ ಹತ್ತೋ ಪ್ರತಿಶತ ತಾವಾಗಿಯೇ ಸೇರಿಸುವುದು ಕೆಲವು ದೊಡ್ಡ ಜಾಗಗಳಲ್ಲಿತ್ತು. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹಾಗೆ ಸೇರಿಸಬಾರದೆಂದು ಹೇಳಿತು. ಹೋಟೆಲ್ ಸಂಘಟನೆಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದಿಲ್ಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ತಕರಾರಿದ್ದರೆ 1915ಕ್ಕೆ ಫೋನು ಮಾಡಬಹುದು. ಖುಷಿಯಾಗಿ ಮಾಣಿಯ ಕೈಗೆ ಇಟ್ಟದ್ದು ಬೇರೆ, ಅದು ಅವನದು.

ಇಚಲಕರಂಜಿಗೆ ಬರೋಣ. ಮಗ್ಗದ ಊರು. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಇವತ್ತು ಬೀದಿ ಬೀದಿಯಲ್ಲಿ ಖಟಖಟ. ಹೋಟೆಲಿನಲ್ಲಿ ಮಾತಾಡುವಾಗಲೂ ಜನ ದನಿ ಎತ್ತರಿಸಿಯೇ ಮಾತಾಡುತ್ತಾರೆ, ಮಗ್ಗದ ಅಭ್ಯಾಸ. ಅಲ್ಲಿಯ ಊಟದವರು ಎರಡು ಥರ. ನೂಲಿನ ವ್ಯಾಪಾರಿಗಳು ಸಂಜೆ ಕಾರಿನಲ್ಲಿ ಬಂದು ಸುರಮೈ ಹೇಳುವವರು. ಪಾಳಿ ಮುಗಿಸಿ ಮೈಮೇಲೆ ಹತ್ತಿಯ ಎಳೆ ಇಟ್ಟುಕೊಂಡೇ ಬಂದು ಬಾಂಗಡಾ ಥಾಳಿ ಹೇಳುವವರು. ಉತ್ತರ ಪ್ರದೇಶ, ಬಿಹಾರ, ಒಡಿಶಾದ ಕಡೆಯಿಂದ ಬಂದವರಿಗೆ ಸಮುದ್ರದ ಮೀನಿಗಿಂತ ರೋಹು, ಕಟ್ಲಾ ಇಷ್ಟ. ಬಾಂಗಡಾ ಥಾಳಿಯವರೇ ನಿಜವಾದ ಪರೀಕ್ಷಕರು ಅಂತ ನನ್ನ ಅನುಭವ. ಅಗ್ಗದ ಮೀನು ದಿನಾ ಖರ್ಚಾಗುತ್ತದೆ, ಆದ್ದರಿಂದ ದಿನಾ ಹೊಸತು ಬರುತ್ತದೆ. ದುಬಾರಿ ಮೀನು ಗಿರಾಕಿಗಾಗಿ ಫ್ರೀಜರಿನಲ್ಲಿ ಕಾಯುತ್ತದೆ. ಇಷ್ಟು ಸಾದಾ ಲೆಕ್ಕ ಬ್ಯಾಂಕಿನವನಾದ ನನಗೆ ತಿಳಿಯಲು ಐದು ವರ್ಷ ಬೇಕಾಯಿತು.

ಆದರೆ ಇಚಲಕರಂಜಿಯಲ್ಲಿ ಗಿರಾಕಿ ಕೇಳುವ ಮೊದಲ ಪ್ರಶ್ನೆ ಮೀನಿನದಲ್ಲ, ನೀರಿನದು. 2012ರ ಬೇಸಿಗೆಯಲ್ಲಿ ಅಲ್ಲಿ ಕಾಮಾಲೆ ಹಬ್ಬಿತು. ಹೆಪಟೈಟಿಸ್ ಇ, ಕುಡಿಯುವ ನೀರಿನಿಂದ ಬಂದದ್ದು. ಸಾವಿರಗಟ್ಟಲೆ ಜನ ಮಲಗಿದರು, ಸತ್ತವರೂ ಇದ್ದಾರೆ. ನಮ್ಮ ಶಾಖೆಯ ಕೌಂಟರಿನಲ್ಲಿ ಹದಿನೈದು ದಿನ ಇಬ್ಬರೇ ಕೂತೆವು. ಆ ವರ್ಷ ಹೋಟೆಲುಗಳಲ್ಲಿ ಸೋಲಕಢಿ ಯಾರೂ ಮುಟ್ಟಲಿಲ್ಲ, ಸೀಲು ಒಡೆಯದ ಬಾಟಲಿ ಬೇಕೇ ಬೇಕು. ತಿಸರ್ಯಾ ಅಂತೂ ಕಾರ್ಡಿನಿಂದಲೇ ಮಾಯ. ಚಿಪ್ಪಿನ ಪ್ರಾಣಿ ನೀರನ್ನು ಸೋಸಿ ಸೋಸಿ ಬದುಕುವಂಥದ್ದು, ನೀರಿನಲ್ಲಿದ್ದದ್ದೆಲ್ಲ ಅದರೊಳಗೆ ಕೂಡಿರುತ್ತದೆ, ಅರೆಬೆಂದರೆ ಅಪಾಯ. ಪಂಚಗಂಗೆಯ ದಂಡೆಯ ಊರು ಅದು. ಶಿರೋಳದ ಕಡೆ ತೇರವಾಡದ ಬಂಧಾರೆಯ ಹತ್ತಿರ ಸತ್ತ ಮೀನು ರಾಶಿಯಾಗಿ ತೇಲಿದ ಚಿತ್ರ ಪತ್ರಿಕೆಯಲ್ಲಿ ಬಂದ ದಿನ, ಹೋಟೆಲಿನಲ್ಲಿ ಪ್ರತಿ ಮೇಜಿನಿಂದಲೂ ಒಂದೇ ಪ್ರಶ್ನೆ: "ನದೀಚಾ ಕೀ ಸಮುದ್ರಾಚಾ?" ಮಾಣಿ ಗಲ್ಲಾದ ಹಿಂದಿನ ಗಣಪತಿಯ ಕಡೆ ಕೈ ತೋರಿಸಿ ಆಣೆ ಹಾಕುತ್ತಿದ್ದ, ಸಮುದ್ರದ್ದೇ ಅಂತ. ದೇವರ ಆಣೆಯ ಮೇಲೆ ಮೀನು ಮಾರಿದ ಹೋಟೆಲನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗಡಹಿಂಗ್ಲಜ ನನ್ನ ಕಡೆಯ ಊರು. ಸಂಕೇಶ್ವರದ ಪಕ್ಕ, ಹಿರಣ್ಯಕೇಶಿಯ ದಂಡೆ. ಪೇಟೆಯಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ, ಬೈಯುವುದಾದರೆ ಎರಡೂ. ಸಂಕೇಶ್ವರಿ ಮೆಣಸಿನಕಾಯಿಯ ದೊಡ್ಡ ಪೇಟೆ. ಚಳಿಗಾಲದಲ್ಲಿ ಅಡತಿ ಅಂಗಡಿಗಳ ಮುಂದೆ ಹಾದರೆ ಸೀನು ಗ್ಯಾರಂಟಿ. ಲಿಂಗಾಯತರು ಬಹಳ ಇರುವ ಊರಾದ್ದರಿಂದ ಮೀನಿನ ಹೋಟೆಲು ಕಡಿಮೆ, ಇದ್ದವಕ್ಕೆ ಒಬ್ಬೊಬ್ಬ ಗಿರಾಕಿಯ ಹೆಸರೂ ಗೊತ್ತು. ಯಾರು ಶ್ರಾವಣ ಹಿಡಿಯುತ್ತಾರೆ, ಯಾರು ಸೋಮವಾರ ತಿನ್ನುವುದಿಲ್ಲ, ಯಾರು ಮನೆಯಲ್ಲಿ ಹೇಳದೆ ಬಂದಿದ್ದಾರೆ, ಎಲ್ಲ. ಮೂಲೆಯ ಮೇಜು ಆ ಕೊನೆಯವರಿಗೆ ಮೀಸಲು.

ಹಿರಣ್ಯಕೇಶಿ ಹುಟ್ಟುವುದು ಆಂಬೋಲಿಯಲ್ಲಿ. ಅಲ್ಲಿಯ ದೇವಸ್ಥಾನದ ಹೊಂಡದಲ್ಲಿದ್ದ ಒಂದು ಸಣ್ಣ ಮೀನು ಹೊಸ ಜಾತಿಯದೆಂದು 2020ರಲ್ಲಿ ಗೊತ್ತಾಗಿ, ಅದಕ್ಕೆ ನದಿಯ ಹೆಸರನ್ನೇ ಇಟ್ಟರು, ಶಿಸ್ಟುರಾ ಹಿರಣ್ಯಕೇಶಿ. ಮರುವರ್ಷ ಸರ್ಕಾರ ಆ ಜಾಗವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಸಾರಿತು. ವೆಂಗುರ್ಲೆಯ ಮೀನಿನ ಟೆಂಪೋಗಳು ಅದೇ ಆಂಬೋಲಿಯನ್ನು ದಿನಾ ಹಾಯುತ್ತವೆ. ಒಂದು ಮೀನಿಗೆ ಸರ್ಕಾರದ ಕಾವಲು, ಉಳಿದವಕ್ಕೆ ಮಂಜುಗಡ್ಡೆ.

ಗಡಹಿಂಗ್ಲಜದಲ್ಲಿ ಒಂದು ಹೋಟೆಲು, ಆರೇ ಮೇಜು. ಹಲಕರ್ಣಿ ಕಡೆಯ ಹುಡುಗನೊಬ್ಬ ಮಾಣಿ. ಮೊದಲ ದಿನ ನಾನು ಮರಾಠಿಯಲ್ಲಿ ಸುರಮೈ ಕೇಳಿದೆ. ಅವನು ನನ್ನ ಮರಾಠಿ ಕೇಳಿಯೇ ಕನ್ನಡದವನೆಂದು ಹಿಡಿದ. ಮೇಜು ಒರೆಸುತ್ತ, ಗಲ್ಲಾದ ಕಡೆ ಬೆನ್ನು ತಿರುಗಿಸಿ, ತಗ್ಗಿದ ದನಿಯಲ್ಲಿ ಅಂದ:

"ಸಾಹೇಬ್ರ, ಇವತ್ತ ಸುರಮೈ ಬ್ಯಾಡ್ರಿ."

"ಯಾಕಪ್ಪ?"

"ಮೊನ್ನಿಂದ್ ಐತ್ರಿ. ಬಾಂಗಡಾ ಮುಂಜಾನೆ ಬಂದೈತಿ. ಅದನ್ನ ತಗೋರಿ."

ಮೂರು ಊರು ಸುತ್ತಿ, ಅಷ್ಟು ವರ್ಷ ಮೀನು ತಿಂದು, 'ಬೇಡ' ಎಂಬ ಮಾತು ಮಾಣಿಯ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಮುನ್ನೂರು ರೂಪಾಯಿಯ ಗಿರಾಕಿಯನ್ನು ನೂರಿಪ್ಪತ್ತಕ್ಕೆ ಇಳಿಸಿದ ಹುಡುಗ. ಬಾಂಗಡಾ ಬಂತು. ಬೆನ್ನಿನ ಮೇಲೆ ಕತ್ತಿಯ ಗೀರು, ಗೀರಿನೊಳಗೆ ಸಂಕೇಶ್ವರಿ ಮೆಣಸಿನ ಮಸಾಲೆ, ಮೂಳೆಯಿಂದ ಮಾಂಸ ಇಡಿಯಾಗಿ ಬಿಟ್ಟುಬಂತು. ಸಾರಿನಲ್ಲಿ ತಿರಫಳ ಇತ್ತು!

ಅಂದಿನಿಂದ ನಾನು ಕಾರ್ಡು ನೋಡುವುದನ್ನೇ ಬಿಟ್ಟೆ. ಒಳಗೆ ಹೋದರೆ ಅವನ ಮುಖ ನೋಡುವುದು. ಹುಬ್ಬು ಎತ್ತಿದರೆ ಏನೋ ಬಂದಿದೆ. ಮೂಗು ಸೊಟ್ಟ ಮಾಡಿದರೆ ತತ್ತಿ ಕರಿ. ಒಂದು ದಿನ ಧೈರ್ಯಮಾಡಿ ಮಾಲಕರನ್ನೇ ಕೇಳಿದೆ: ನಿಮ್ಮ ಹುಡುಗ ಹೀಗೆ ಬೇಡ ಬೇಡ ಅಂದರೆ ನಿಮಗೆ ಲುಕ್ಸಾನಲ್ಲವೇ? ಅವರು ಗಲ್ಲಾದಿಂದ ತಲೆ ಎತ್ತದೆ ಅಂದರು: "ಸಾಹೇಬ್ರ, ಇದು ಸಣ್ಣ ಊರು. ಒಬ್ಬಗ ಹೊಟ್ಟಿ ಕೆಟ್ಟರ ನಾಳೆ ಇಡೀ ಪ್ಯಾಟಿಗೆ ಗೊತ್ತಾಕೈತಿ. ಹುಡುಗಗ ನಾನs ಹೇಳೇನಿ." ಬೆನ್ನು ತಿರುಗಿಸಿ ತಗ್ಗಿದ ದನಿಯಲ್ಲಿ ಹೇಳಿದ್ದೆಲ್ಲ ಹಾಗಾದರೆ? ಅದೂ ಸೇವೆಯ ಒಂದು ಭಾಗ, ತಿಳಿಯಿತು. ಮೋಸವೆನ್ನಿಸಲಿಲ್ಲ. ಗುಟ್ಟು ಹೇಳಿದವನ ಮಾತನ್ನು ಗಿರಾಕಿ ಹೆಚ್ಚು ನಂಬುತ್ತಾನೆಂದು ಆ ಮಾಲಕರಿಗೆ ಗೊತ್ತಿತ್ತು. ಗುಟ್ಟು ನಿಜವೂ ಆಗಿತ್ತಲ್ಲ.

ಹೋದ ಜೂನಿನಲ್ಲಿ ಅಂಕೋಲೆಯಿಂದ ತಮ್ಮ ಬಂದಿದ್ದ. ಅವನನ್ನು ಕರೆದುಕೊಂಡು ಗಡಹಿಂಗ್ಲಜಕ್ಕೆ ಹೋದೆ, ಹಳೆಯ ಮಂದಿಯನ್ನು ನೋಡಿ ಬರೋಣವೆಂದು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ, 61 ದಿನ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟು. ದಾರಿಯಲ್ಲಿ ಕಂಡ ಹೋಟೆಲುಗಳ ಫಲಕದ ಮೇಲೆ ಮಾತ್ರ ಸುರಮೈ, ಪಾಪ್ಲೆಟ್ಟು ಎಲ್ಲ ಎಂದಿನಂತೆ ಈಜುತ್ತಿದ್ದವು. ತಮ್ಮ ಅಂದ, "ಈ ಮಳೆಯಲ್ಲಿ ಯಾವ ಸಮುದ್ರದಿಂದ ತಂದರು ಇವರು?"

ಆರು ಮೇಜಿನ ಹೋಟೆಲು ಇನ್ನೂ ಇತ್ತು. ಹುಡುಗ ಈಗ ಹುಡುಗನಲ್ಲ, ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿದೆ, ಗಲ್ಲಾದ ಹತ್ತಿರವೇ ಕೂರುತ್ತಾನೆ. ನನ್ನ ಗುರುತು ಹಿಡಿದ. ತಮ್ಮ ಅವಸರದಲ್ಲಿ ಕೇಳಿಯೇಬಿಟ್ಟ: "ತಾಜಾ ಏನಿದೆ?"

"ತಾಜಾ ಏನೂ ಇಲ್ಲರಿ. ಫ್ರೀಜರಿನ ಮಾಲ್ ಐತಿ, ಮೇ ತಿಂಗಳದ್ದು. ಗೊತ್ತಿದ್ದು ತಿಂತೀರಿ ಅಂದ್ರ ಹುರದ್ ಕೊಡ್ತೀನಿ. ಇಲ್ಲಂದ್ರ ಒಣ ಬೋಂಬೀಲದ ಚಟ್ನಿ, ಬಿಸಿ ರೊಟ್ಟಿ."

ಹೊರಗೆ ಮಳೆ. ಒಣ ಬೋಂಬೀಲ ಮೀನನ್ನು ಕೆಂಡದ ಮೇಲೆ ಸುಟ್ಟು, ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಕುಟ್ಟಿದ ವಾಸನೆ ಆರೂ ಮೇಜು ತುಂಬಿತು. ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದ ನನ್ನ ತಮ್ಮ ಮೂರು ರೊಟ್ಟಿ ಮುಗಿಸಿ, ತಟ್ಟೆಯ ಅಂಚಿನ ಚಟ್ನಿಯನ್ನು ಬೆರಳಿನಿಂದ ಒರೆಸುತ್ತ, ಇನ್ನೊಂದು ರೊಟ್ಟಿ ಸಿಗಬಹುದೇ ಎಂದು ಕೇಳಿದ.

ಅದಕ್ಕೆ ಮಾತ್ರ "ಐತ್ರಿ" ಅಂತ ಉತ್ತರ ಬಂತು.